ಎರಡನೇ ಸಾಲಿನ ಬಲತುದಿಯವನು

ಬೀಗ ರಿಪೇರಿಯವನು ಅವತ್ತೂ ತನ್ನ ಅಂಗಡಿಯ ಬೀಗದಕೈ ಮನೆಯಲ್ಲೇ ಮರೆತು ಹೋಗಿದ್ದ. ಊರಿನ ಅರ್ಧ ಬೀಗಗಳನ್ನು ಕಣ್ಣು ಮುಚ್ಚಿ ತೆಗೆಯಬಲ್ಲ ಆಸಾಮಿ ತನ್ನ ಬೀಗ ತೆಗೆಯಲು ಮಾತ್ರ ಹೆಂಡತಿಯ ದಾರಿ ಕಾಯುತ್ತಿದ್ದ. ಹೆಂಡತಿಯದು ಪಕ್ಕದ ಬೀದಿಯಲ್ಲಿ ಇಸ್ತ್ರಿ ಅಂಗಡಿ. ಅವಳು ಕಾದ ಇಸ್ತ್ರಿಪೆಟ್ಟಿಗೆಯನ್ನು ಕಲ್ಲಿನ ಮೇಲೆ ನಿಲ್ಲಿಸಿ, ಮನೆಯಿಂದ ತಂದಿದ್ದ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದು, ನೇರ ಕಟಿಂಗ್ ಅಂಗಡಿಗೆ ನಡೆದಳು. ಭಾನುವಾರ ಬೆಳಗ್ಗೆ ಗಂಡ ಎಲ್ಲಿರುತ್ತಾನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕಟಿಂಗ್ ಅಂಗಡಿಯ ಒಳಗೆ ಗೋಡೆಗೆ ಒರಗಿಸಿದ ಒಂದು ಉದ್ದ ಬೆಂಚು. ಅದರ ಮೇಲೆ ಕೂತವರು ಕ್ಷೌರಕ್ಕೆ ಬಂದವರಲ್ಲ. ಅವರಲ್ಲಿ ಇಬ್ಬರ ತಲೆಯಲ್ಲಿ ಕ್ಷೌರ ಮಾಡಲು ಏನೂ ಉಳಿದಿರಲಿಲ್ಲ. ಅವರ ಕೆಲಸ ಊರಿನ ಫುಟ್‌ಬಾಲ್ ಕ್ಲಬ್ಬಿನ ಹಳೆಯ ಆಟಗಾರರನ್ನೂ ಹಳೆಯ ಮ್ಯಾನೇಜರುಗಳನ್ನೂ ನೆನೆಯುವುದು. ಈಗಿನ ತಂಡದ ಬಗ್ಗೆ ಅವರು ಮಾತಾಡುತ್ತಿರಲಿಲ್ಲ. ಈಗಿನ ತಂಡ ಇನ್ನೂ ಆಡುತ್ತಿದೆ, ಅದೇ ಅದರ ದೋಷ. ಬೆಂಚಿಗೆ ಇದ್ದದ್ದು ಒಂದೇ ಕಾನೂನು: "ನನಗೆ ಗೊತ್ತಿಲ್ಲ" ಎಂದವನು ಎದ್ದು ನಿಲ್ಲಬೇಕು, ಅವನ ಜಾಗ ಇನ್ನೊಬ್ಬನಿಗೆ. ಹನ್ನೊಂದು ವರ್ಷಗಳಲ್ಲಿ ಆ ಮಾತು ಬಾಯಿಬಿಟ್ಟು ಹೇಳಿದವನು ಒಬ್ಬ ಹಲ್ಲಿನ ಡಾಕ್ಟರು ಮಾತ್ರ. ಅವನು ಆಮೇಲೆ ಊರೇ ಬಿಟ್ಟು ಹೋದ.

ಅವತ್ತು ಗೋಡೆಗೆ ಹೊಸದಾಗಿ ಒಂದು ಹಳೆಯ ಫೋಟೋ ಬಂದಿತ್ತು. ಕ್ಲಬ್ಬಿನ ಉಗ್ರಾಣ ಗುಡಿಸುವಾಗ ಸಿಕ್ಕಿದ್ದು. ಮೂವತ್ತೊಂದು ವರ್ಷದ ಹಿಂದಿನ ತಂಡ. ಮುಂದಿನ ಸಾಲಿನಲ್ಲಿ ಆರು ಜನ ಕೂತಿದ್ದಾರೆ, ಹಿಂದಿನ ಸಾಲಿನಲ್ಲಿ ಆರು ಜನ ನಿಂತಿದ್ದಾರೆ. ಕೆಳಗೆ ಹನ್ನೊಂದು ಹೆಸರುಗಳಿವೆ. ಹನ್ನೆರಡನೆಯದನ್ನು ಗೆದ್ದಲು ತಿಂದಿದೆ.

ಕಟಿಂಗ್ ಅಂಗಡಿಯವನು ಕತ್ತರಿಯ ತುದಿಯಿಂದ ಎರಡನೇ ಸಾಲಿನ ಬಲತುದಿಯನ್ನು ಮುಟ್ಟಿ ಕೇಳಿದ್ದ. "ಈ ಗುಂಗುರು ಕೂದಲಿನವನು ಯಾರು?"

ನಿವೃತ್ತ ಪೋಸ್ಟ್‌ಮ್ಯಾನ್ ಕನ್ನಡಕ ತೆಗೆದು ಒರೆಸತೊಡಗಿದ. ಡ್ರಿಲ್ ಮೇಷ್ಟ್ರು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದರು. ಮೂರನೆಯ ಜಾಗದಲ್ಲಿದ್ದ ಬೀಗದವನಿಗೆ ಕಾಲು ನೋಯುತ್ತಿತ್ತು, ಎದ್ದು ನಿಲ್ಲುವ ಆಸೆ ಖಂಡಿತ ಇರಲಿಲ್ಲ.

"ಇವನಾ? ಇವನು ಬಿರುಗಾಳಿ ಅಲ್ವಾ?" ಎಂದುಬಿಟ್ಟ.

ಹೆಂಡತಿ ಬಾಗಿಲಿಗೆ ಬಂದದ್ದು ಅದೇ ಗಳಿಗೆಗೆ.

"ಹೌದಲ್ಲ, ಬಿರುಗಾಳಿ," ಪೋಸ್ಟ್‌ಮ್ಯಾನ್ ನಿಟ್ಟುಸಿರು ಬಿಟ್ಟ. "ಒಂದೇ ಸೀಸನ್ನಿನಲ್ಲಿ ಎಂಟು ಗೋಲು. ಅದರಲ್ಲಿ ಐದು ಮಳೆಯಲ್ಲಿ."

"ಆರು," ಎಂದರು ಮೇಷ್ಟ್ರು. "ಆ ಎಡಗಾಲು ಯಾರು ತಯಾರು ಮಾಡಿದ್ದು ಅಂದ್ಕೊಂಡ್ರಿ? ಬೇಡ ಬಿಡಿ, ನನ್ನ ಬಾಯಿಂದ ನಾನೇ ಹೇಳ್ಕೋಬಾರದು. ನಾನೇ ತಯಾರು ಮಾಡಿದ್ದು."

ಹೆಂಡತಿ ಫೋಟೋ ನೋಡಿದಳು. ನೋಡಿ ಗಂಡನನ್ನು ನೋಡಿದಳು. ಮತ್ತೆ ಫೋಟೋ ನೋಡಿದಳು. ಎರಡನೇ ಸಾಲಿನ ಬಲತುದಿಯಲ್ಲಿ, ಮೈಗೆ ಎರಡರಷ್ಟು ದೊಡ್ಡದಾದ ಹಳದಿ ಅಂಗಿ ತೊಟ್ಟು, ಕಾಲು ಜೋಡಿಸಿ ನಿಂತಿದ್ದವನು ಅವಳ ಗಂಡ.

ಆ ದಿನ ಅವಳಿಗೆ ನಿನ್ನೆ ನಡೆದ ಹಾಗಿದೆ. ಕ್ಲಬ್ಬಿನ ಅಂಗಿಗಳನ್ನು ಒಗೆದು ಇಸ್ತ್ರಿ ಮಾಡುವುದು ಅವಳ ಅಪ್ಪನ ಕೆಲಸ, ತಲುಪಿಸುವುದು ಅವಳದು. ಬುಟ್ಟಿ ಹೊತ್ತು ಮೈದಾನಕ್ಕೆ ಹೋದರೆ, ಬಟ್ಟೆ ಬದಲಾಯಿಸುವ ಕೋಣೆಯ ಬೀಗ ಕಚ್ಚಿಕೊಂಡಿತ್ತು, ಒಬ್ಬ ಗುಂಗುರು ಕೂದಲಿನ ಹುಡುಗ ಅದನ್ನು ಬಿಚ್ಚುತ್ತಿದ್ದ. ಬೀಗ ಬಿಟ್ಟಿತು, ತಂಡ ಸಾಲಾಗಿ ನಿಂತಿತು, ಆದರೆ ಆಟಗಾರನೊಬ್ಬ ಹೊಟ್ಟೆ ಕೆಟ್ಟು ಕಕ್ಕಸಿನೊಳಗೆ ಉಳಿದುಬಿಟ್ಟ. "ಹಿಂದಿನ ಸಾಲು ಒಂದು ಕಡೆ ಬೋಳಾಗಿದೆ, ಹೀಗಾದರೆ ನಾನು ತೆಗೆಯಲ್ಲ," ಎಂದು ಫೋಟೋದವನು ಹಟ ಹಿಡಿದ. ಮ್ಯಾನೇಜರು ಸುತ್ತ ನೋಡಿ, ಬೀಗದ ಹುಡುಗನ ರಟ್ಟೆ ಹಿಡಿದು, ಬುಟ್ಟಿಯಿಂದ ಒಂದು ಅಂಗಿ ಎತ್ತಿ ಅವನ ತಲೆಗೆ ತುರುಕಿದರು. ಭುಜದ ಹತ್ತಿರ ಅಂಗಿ ಜಾರದ ಹಾಗೆ ಪಿನ್ನು ಚುಚ್ಚಿದವಳು ಅವಳೇ. ಫೋಟೋ ಆದಮೇಲೆ ಆ ಮಹಾನುಭಾವ ಅಂಗಿ ತೊಟ್ಟುಕೊಂಡೇ ಹೊರಟುಬಿಟ್ಟ. ಅವಳು ಗೇಟಿನವರೆಗೆ ಓಡಿ, ಅಡ್ಡ ನಿಂತು, ಚೆನ್ನಾಗಿ ಬೈದು ಬಿಚ್ಚಿಸಿಕೊಂಡಳು. ಅವನು ಬನಿಯನ್ನಿನಲ್ಲೇ ಮನೆಗೆ ಹೋದ.

ಆರು ತಿಂಗಳ ಮೇಲೆ ಅವನ ಸೋದರತ್ತೆ ಸಂಬಂಧ ತಂದಾಗ ಅವಳು ಒಂದೇ ಮಾತಿಗೆ ಒಪ್ಪಿದ್ದು ಆ ಬನಿಯನ್ನಿನ ಬೆನ್ನು ನೆನೆದು. ಅವನು ಮಾತ್ರ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ ಅವಳನ್ನು ಮೊದಲ ಸಲ ಕಂಡವನ ಹಾಗೆ ಕೂತಿದ್ದ. ಹಿರಿಯರ ಮುಂದೆ ನಾಟಕ ಆಡುತ್ತಿದ್ದಾನೆ ಎಂದುಕೊಂಡಳು. ನಾಟಕ ಮೂವತ್ತು ವರ್ಷ ನಡೆದಮೇಲೆ, ಅದು ನಾಟಕವಲ್ಲವೇನೋ ಎಂಬ ಅನುಮಾನ ಹುಟ್ಟಿತು. ಕೇಳಲು ಅಭಿಮಾನ ಅಡ್ಡ ಬಂತು. ಅವನಿಗೆ ಆ ದಿನ ನೆನಪಿದೆಯೇ, ಇಲ್ಲವೇ? ಯಾವ ಮ್ಯಾನೇಜರು ಯಾವ ಪಂದ್ಯಕ್ಕೆ ಯಾವ ಟೋಪಿ ಹಾಕಿದ್ದ ಎಂದು ನಿದ್ದೆಯಲ್ಲೂ ಹೇಳುವ ಗಂಡನಿಂದ ಅವಳಿಗೆ ಬೇಕಿದ್ದದ್ದು ಅದೊಂದೇ ಉತ್ತರ.

ಈಗ ಉತ್ತರ ಗೋಡೆಯ ಮೇಲೆ ನೇತಾಡುತ್ತಿತ್ತು.

"ಯಾರ ಹಾಗೆ ಕಾಣ್ತಾನೆ ನೋಡಿ," ಅವಳು ಬೀಗದಕೈ ಕೊಡುತ್ತ ಗಂಡನನ್ನು ಕೇಳಿದಳು.

ಬೀಗದವನು ತಲೆ ಓರೆ ಮಾಡಿ, ಅಂಗೈಯನ್ನು ಕಣ್ಣಿಗೆ ಮರೆ ಹಿಡಿದು ನೋಡಿದ. "ಯಾರ ಹಾಗೂ ಇಲ್ಲ ಕಣೇ. ಅಂಥವರು ಒಬ್ಬರೇ ಹುಟ್ಟೋದು. ಆ ಹಣೆ ನೋಡು. ಆ ಕಳೆ ಈಗ ಯಾರ ಮುಖದಲ್ಲಿದೆ?"

"ಯಾರ ಮುಖದಲ್ಲೂ ಇಲ್ಲ," ಎಂದಳು ಅವಳು, ಗಂಡನ ಮುಖ ನೋಡಿಕೊಂಡೇ.

ಇಷ್ಟಕ್ಕೇ ಮುಗಿದಿದ್ದರೆ ಲೋಕಕ್ಕೆ ಏನೂ ನಷ್ಟವಿರಲಿಲ್ಲ. ಆದರೆ ಅದೇ ವರ್ಷ ಕ್ಲಬ್ಬಿಗೆ ಐವತ್ತು ತುಂಬುತ್ತಿತ್ತು. ಮೈದಾನಕ್ಕೆ ಹೊಸ ಗೇಟು ಬಂದಿತ್ತು, ಗೇಟಿಗೆ ಹೆಸರಿರಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿ ಗಡ್ಡ ಹೆರೆಸಿಕೊಳ್ಳಲು ಬಂದವನು, ಮುಖಕ್ಕೆಲ್ಲ ನೊರೆ ಬಳಿದುಕೊಂಡಿದ್ದಾಗ ಬಿರುಗಾಳಿಯ ಕಥೆ ಕೇಳಿದ. ಆ ಹೊತ್ತಿಗೆ ಎಂಟು ಗೋಲು ಹದಿನಾಲ್ಕಾಗಿತ್ತು. ಒಂದು ಗೋಲು ಮೈದಾನದ ನಡುಗೆರೆಯಿಂದ ಹೊಡೆದದ್ದು. ಇನ್ನೊಂದರ ಏಟಿಗೆ ಬಲೆ ಹರಿದು ಚೆಂಡು ಪಕ್ಕದ ಶಾಲೆಯ ಎರಡನೇ ತರಗತಿಗೆ ಹೋಗಿ ಕೂತಿತ್ತು.

"ಅಂಥವರನ್ನ ನಾವು ಮರೆತಿದ್ದೀವಲ್ಲ, ನಮಗೆ ನಾಚಿಕೆ ಆಗಬೇಕು," ಎಂದ ಕಾರ್ಯದರ್ಶಿ. ನೊರೆ ಬಾಯಿಗೆ ಹೋಯಿತು. "ಗೇಟಿಗೆ ಅವರದೇ ಹೆಸರು. ಮನುಷ್ಯ ಬದುಕಿದ್ದರೆ ಹುಡುಕಿ ತನ್ನಿ. ಸನ್ಮಾನ ಮಾಡೋಣ."

ಬಿರುಗಾಳಿ ಶೋಧನಾ ಸಮಿತಿ ಅಲ್ಲೇ ಹುಟ್ಟಿತು. ಮೊದಲು ಗುರುತಿಸಿದವನು ಎಂಬ ಕಾರಣಕ್ಕೆ ಬೀಗದವನೇ ಅಧ್ಯಕ್ಷ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ಎಲ್ಲರಿಗೂ ಗೊತ್ತು. ಕೂಸೇ ಅಧ್ಯಕ್ಷತೆ ವಹಿಸಿದ್ದು ಇದೇ ಮೊದಲು.

ಫೋಟೋದಿಂದ ಆ ಒಂದು ಮುಖವನ್ನು ಕತ್ತರಿಸಿ, ದೊಡ್ಡದು ಮಾಡಿಸಿ, 'ಇವರನ್ನು ಕಂಡಿರಾ?' ಎಂದು ಇನ್ನೂರು ಪೋಸ್ಟರ್ ಹಾಕಿಸಿದರು. ಅದರಲ್ಲೊಂದು ಬೀಗದವನ ಅಂಗಡಿಯ ಶಟರಿನ ಮೇಲೂ ಬಂತು. ಬೀಗದವನು ಅದರ ಕೆಳಗೇ ಸ್ಟೂಲು ಹಾಕಿಕೊಂಡು ಕೂತು, ಬಂದ ಗಿರಾಕಿಗಳಿಗೆಲ್ಲ "ಸ್ವಲ್ಪ ಮೇಲೆ ನೋಡಿ, ಈ ಮುಖ ಎಲ್ಲಾದರೂ ಕಂಡಿದೆಯಾ?" ಎಂದು ಕೇಳುತ್ತಿದ್ದ. ಅವರು ಮೇಲೆ ನೋಡುತ್ತಿದ್ದರು, ಆಮೇಲೆ ಕೆಳಗೆ ನೋಡುತ್ತಿದ್ದರು, ಇಲ್ಲ ಎಂದು ತಲೆಯಾಡಿಸುತ್ತಿದ್ದರು. ಮೇಲಿನವನಿಗೆ ತಲೆ ತುಂಬ ಗುಂಗುರು, ಕೆಳಗಿನವನಿಗೆ ಎರಡು ಕಿವಿಗಳ ನಡುವೆ ಬರೀ ಬಯಲು. ಮೇಲಿನವನ ಕೆನ್ನೆ ಒಳಗೆ ಹೋಗಿತ್ತು, ಕೆಳಗಿನವನ ಹೊಟ್ಟೆ ಹೊರಗೆ ಬಂದಿತ್ತು.

ಸಮಿತಿ ಪೊಲೀಸ್ ಠಾಣೆಗೂ ಹೋಯಿತು. ಅಲ್ಲಿನ ದಫೇದಾರರು ಫಾರಂ ತೆಗೆದರು.

"ಕಾಣೆಯಾಗಿ ಎಷ್ಟು ದಿನ ಆಯ್ತು?"

"ಮೂವತ್ತೊಂದು ವರ್ಷ ಸಾರ್."

ದಫೇದಾರರು ಪೆನ್ನು ಕೆಳಗಿಟ್ಟರು. "ಇಷ್ಟು ದಿನ ಏನ್ ಮಾಡ್ತಿದ್ರಿ?"

"ನೆನೀತಾ ಇದ್ವಿ ಸಾರ್."

"ಕಾಣೆಯಾದವರಿಗೂ ನಿಮಗೂ ಏನು ಸಂಬಂಧ?"

"ಅಭಿಮಾನಿ ಸಾರ್."

ಸಂಬಂಧದ ಕಾಲಮ್ಮಿನಲ್ಲಿ ಅಭಿಮಾನಿಗೆ ಜಾಗವಿರಲಿಲ್ಲ. 'ದೂರದ ಸಂಬಂಧಿ' ಎಂದು ಬರೆದುಕೊಂಡರು. ಪೋಸ್ಟರನ್ನು ಬೆಳಕಿಗೆ ಹಿಡಿದು, "ಈ ಮೂಗು ನಾನು ಎಲ್ಲೋ ನೋಡಿದ್ದೀನಿ. ಇತ್ತೀಚೆಗೇ ನೋಡಿದ್ದೀನಿ," ಎಂದರು.

"ನೋಡಿರ್ತೀರಿ ಸಾರ್," ಎಂದ ಬೀಗದವನು ಮೇಜಿನ ಮೇಲೆ ಬಾಗಿ, ಮೂಗನ್ನು ಅವರ ಮೂಗಿನ ಬಳಿಗೇ ತಂದು. "ಒಂದು ಸಲ ನೋಡಿದವರು ಮರೆಯೋ ಮೂಗಲ್ಲ ಅದು."

ಸೋದರತ್ತೆಗೂ ತೋರಿಸಿದ್ದಾಯಿತು. ಹುಟ್ಟಿದ ಮೂರನೇ ವರ್ಷದಿಂದ ಅವನನ್ನು ಸಾಕಿ ಬೆಳೆಸಿದವಳು ಅವಳು. ಪೋಸ್ಟರನ್ನು ದೂರ ಹಿಡಿದು, ಹತ್ತಿರ ಹಿಡಿದು, "ಯಾರ ಮಗನೋ ಪಾಪ. ಹೊಟ್ಟೆಗೆ ಸರಿಯಾಗಿ ಹಾಕ್ತಿರಲಿಲ್ಲ ಅಂತ ಕಾಣುತ್ತೆ," ಎಂದಳು.

ಹೆಂಡತಿ ಒಂದು ಮಧ್ಯಾಹ್ನ ತಡೆಯಲಾರದೆ ಬಾಯಿಬಿಟ್ಟಳು. ಉಣ್ಣುತ್ತಿದ್ದ ಗಂಡನ ಎದುರು ನಿಂತು, "ನಾನೊಂದು ಮಾತು ಹೇಳ್ತೀನಿ. ಆ ಫೋಟೋದಲ್ಲಿರೋದು ನೀವೇ," ಎಂದಳು.

ಬೀಗದವನು ತುತ್ತನ್ನು ತಟ್ಟೆಯಲ್ಲಿ ಬಿಟ್ಟ. ಮೂವತ್ತು ವರ್ಷಗಳಲ್ಲಿ ಅವಳ ಮೇಲೆ ಸಿಟ್ಟಾಗದವನು ಅವತ್ತು ಸಿಟ್ಟಾದ.

"ನನ್ನನ್ನ ಏನು ಬೇಕಾದರೂ ಅನ್ನು, ಕೇಳಿಸ್ಕೋತೀನಿ. ಆದ್ರೆ ದೊಡ್ಡವರ ವಿಷಯದಲ್ಲಿ ತಮಾಷೆ ಬೇಡ. ಅವರು ಹೊಡೆದ ಚೆಂಡು ಶಾಲೆಗೆ ಹೋಗಿ ಬಿತ್ತು. ನಾನು ಶಾಲೆಗೇ ಸರಿಯಾಗಿ ಹೋದವನಲ್ಲ."

"ನಿಮಗೆ ಮೈದಾನದಲ್ಲಿ ಬೀಗ ರಿಪೇರಿ ಮಾಡಿದ್ದು ನೆನಪಿಲ್ವಾ?"

"ಬೀಗ ಎಲ್ಲಾ ಕಡೆ ರಿಪೇರಿ ಮಾಡಿದ್ದೀನಿ. ಬ್ಯಾಂಕಿಗೆ ಹೋಗಿದ್ದೆ ಅಂತ ನಾನು ಮ್ಯಾನೇಜರ್ ಆಗ್ತೀನಾ?"

ಅವನಿಗೆ ನೆನಪಿಲ್ಲ ಎಂಬುದು ಅವಳಿಗೆ ಕಡ್ಡಿ ಮುರಿದ ಹಾಗೆ ಖಚಿತವಾಯಿತು. ಅವತ್ತು ಇಸ್ತ್ರಿ ಅಂಗಡಿಯಲ್ಲಿ ದಫೇದಾರರ ಅಂಗಿಯ ಕಾಲರಿಗೆ ಬಿದ್ದ ಗೆರೆ, ಮೂರು ಸಲ ಒಗೆದರೂ ಹೋಗಲಿಲ್ಲವಂತೆ.

ಪೋಸ್ಟರಿಗೆ ಫಲ ಸಿಕ್ಕಿತು. ಒಬ್ಬರಲ್ಲ, ಮೂವರು ಬಿರುಗಾಳಿಗಳು ಬಂದರು. ಕಟಿಂಗ್ ಅಂಗಡಿಯಲ್ಲೇ ಸಂದರ್ಶನ. ಮೊದಲನೆಯವನು ನಿಂತರೆ ಬೆಂಚಿನಷ್ಟೇ ಎತ್ತರವಿದ್ದ. ಎರಡನೆಯವನಿಗೆ ಆ ಫೋಟೋ ತೆಗೆದಾಗ ಎರಡು ವರ್ಷ ತುಂಬಿರಬೇಕಿತ್ತು. ಡ್ರಿಲ್ ಮೇಷ್ಟ್ರು "ಪ್ರತಿಭೆಗೆ ವಯಸ್ಸಿಲ್ಲ" ಎಂದು ವಾದಿಸಿದರೂ ಸಮಿತಿ ಒಪ್ಪಲಿಲ್ಲ. ಮೂರನೆಯವನು ಬೇರೆ ಊರಿನ ಛತ್ರಿ ವ್ಯಾಪಾರಿ. ಎಡಗಾಲು ಎಳೆದು ನಡೆಯುತ್ತಿದ್ದ, ಪ್ರಶ್ನೆ ಕೇಳಿದರೆ ಕಿಟಕಿಯಾಚೆ ನೋಡಿ ಸುಮ್ಮನಾಗುತ್ತಿದ್ದ.

"ಹದಿನಾಲ್ಕು ಗೋಲುಗಳಲ್ಲಿ ನಿಮಗೆ ಇಷ್ಟವಾದದ್ದು ಯಾವುದು?" ಪೋಸ್ಟ್‌ಮ್ಯಾನ್ ಕೇಳಿದ.

ಛತ್ರಿಯವನು ಬಹಳ ಹೊತ್ತು ಯೋಚಿಸಿದ. "ಹೊಡೆಯದೇ ಬಿಟ್ಟದ್ದು," ಎಂದ.

ಬೆಂಚಿನ ಮೇಲಿದ್ದ ಮೂವರ ಕಣ್ಣಲ್ಲೂ ನೀರು ಬಂತು. ಬೀಗದವನು ಎದ್ದು ಹೋಗಿ ಅವನನ್ನು ತಬ್ಬಿಕೊಂಡ. "ಸಾವಿರ ಜನರ ನಡುವೆ ನಿಂತಿದ್ದರೂ ನಾನು ನಿಮ್ಮನ್ನ ಗುರುತು ಹಿಡೀತಿದ್ದೆ," ಎಂದ.

ಛತ್ರಿಯವನು ಎಂಟು ದಿನ ಬೀಗದವನ ಮನೆಯ ಪಡಸಾಲೆಯ ಮಂಚದ ಮೇಲೆ ಇದ್ದ. ಬೀಗದವನು ನೆಲದ ಮೇಲೆ ಮಲಗಿದ. ಹೆಂಡತಿ ಅತಿಥಿಗೆ ಎರಡು ಹೊತ್ತು ಬಡಿಸಿ, ಸನ್ಮಾನಕ್ಕೆಂದು ಗಂಡ ಅವನಿಗೆ ತೆಗೆದುಕೊಟ್ಟ ತನ್ನದೇ ಒಳ್ಳೆಯ ಅಂಗಿಯನ್ನು ಇಸ್ತ್ರಿ ಮಾಡಿದಳು. ಬೀದಿಯ ಹೆಂಗಸರು ಅವಳ ಅಂಗಡಿಗೆ ಬಂದು, "ದೊಡ್ಡವರು ಮನೇಲಿದ್ದಾರಂತೆ, ಹೇಗಿದ್ದಾರೆ?" ಎಂದು ಕೇಳುತ್ತಿದ್ದರು.

"ಇಬ್ಬರೂ ಚೆನ್ನಾಗಿದ್ದಾರೆ," ಎನ್ನುತ್ತಿದ್ದಳು.

ಸನ್ಮಾನದ ದಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೇಟಿನ ಮೇಲೆ 'ಬಿರುಗಾಳಿ ದ್ವಾರ' ಎಂದು ಬರೆದ ಬಣ್ಣ ಇನ್ನೂ ಒಣಗಿರಲಿಲ್ಲ. ವೇದಿಕೆಯ ಮೇಲೆ ಕಾರ್ಯದರ್ಶಿ, ಛತ್ರಿಯವನು, ಮೈಕಿನ ಮುಂದೆ ಅಧ್ಯಕ್ಷನಾದ ಬೀಗದವನು. ಫೋಟೋವನ್ನು ಕುರ್ಚಿಯೊಂದರ ಮೇಲೆ ನಿಲ್ಲಿಸಿದ್ದರು. ಹೆಂಡತಿ ಮೊದಲ ಸಾಲಿನಲ್ಲಿ ಸೋದರತ್ತೆಯ ಪಕ್ಕ ಕೂತಿದ್ದಳು.

ಬೀಗದವನು ಹದಿನೇಳನೇ ಗೋಲನ್ನು ವರ್ಣಿಸುತ್ತಿರುವಾಗ ಹಳೆಯ ಮ್ಯಾನೇಜರು ಬಂದರು. ಅವರು ಬದುಕಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಬೆಂಚು ಅವರ ಬಗ್ಗೆ ಮಾತಾಡುವಾಗಲೆಲ್ಲ "ದಿವಂಗತ" ಸೇರಿಸುತ್ತಿತ್ತು. ಎಂಬತ್ತೆಂಟು ವರ್ಷ. ಮೊಮ್ಮಗಳ ತೋಳು ಹಿಡಿದು, ಕೋಲೂರಿ, ಯಾರ ಅಪ್ಪಣೆಯನ್ನೂ ಕೇಳದೆ ವೇದಿಕೆ ಹತ್ತಿ, ಫೋಟೋದ ಎದುರು ನಿಂತರು. ಕೋಲಿನ ತುದಿಯಿಂದ ಒಬ್ಬೊಬ್ಬರ ಹೆಸರು ಹೇಳುತ್ತ ಹೋದರು. ಕೋಲು ಬಲತುದಿಗೆ ಬಂತು.

"ಇವನು ಬೀಗದವನು," ಎಂದರು.

"ಬಿರುಗಾಳಿ ಸಾರ್," ಕಾರ್ಯದರ್ಶಿ ಕಿವಿಯ ಹತ್ತಿರ ಕೂಗಿದ. "ಹದಿನೇಳು ಗೋಲು."

"ಬಿರುಗಾಳಿನೂ ಇಲ್ಲ, ಬೀಸಣಿಗೆನೂ ಇಲ್ಲ. ಬೀಗದವನು. ಸಾಲು ಬೋಳಾಗಿ ಕಾಣ್ತಿತ್ತು, ಹಿಡಿದು ನಿಲ್ಲಿಸಿದೆ." ಅವರು ತಿರುಗಿ ಛತ್ರಿಯವನನ್ನು ನೋಡಿದರು. "ಇವನ್ಯಾರು?" ಉತ್ತರಕ್ಕೆ ಕಾಯದೆ ಮೈಕಿನ ಕಡೆ ಕೋಲು ಚಾಚಿದರು. "ಅಗೋ, ಅಲ್ಲೇ ನಿಂತಿದ್ದಾನಲ್ಲ. ಏನಯ್ಯಾ, ನೀನು ರಿಪೇರಿ ಮಾಡಿದ ಬೀಗ ಮಾರನೇ ದಿನವೇ ಮತ್ತೆ ಕಚ್ಕೊಳ್ತು. ಇಡೀ ತಂಡ ಹೊರಗೆ ನಿಂತು ಚಳೀಲಿ ನಡುಗಿತು."

ಬೀಗದವನ ಮುಖ ಕೆಂಪಾಯಿತು. ಬಿರುಗಾಳಿಯನ್ನು ಏನಾದರೂ ಅಂದಿದ್ದರೆ ಸಹಿಸುತ್ತಿದ್ದನೋ ಏನೋ. ಇದು ಕಸುಬಿನ ಪ್ರಶ್ನೆ.

"ಸಾಧ್ಯವೇ ಇಲ್ಲ," ಎಂದ, ಮೈಕು ಬಾಯಿಯ ಮುಂದೆಯೇ ಇದೆ ಎಂಬುದನ್ನು ಮರೆತು. "ಅದು ಆರು ಲಿವರಿನ ಹಿತ್ತಾಳೆ ಬೀಗ. ಮೂರನೇ ಲಿವರಿನ ಸ್ಪ್ರಿಂಗ್ ತುಂಡಾಗಿತ್ತು. ನನ್ನ ಕೈಯಾರೆ ಹೊಸದು ಹಾಕಿದೆ. ಎಣ್ಣೆ ಬಿಟ್ಟೆ. ಹತ್ತು ಸಲ ಹಾಕಿ ತೆಗೆದು ತೋರಿಸಿದೆ. ಆಮೇಲೆ ನೀವು ನನ್ನ ರಟ್ಟೆ ಹಿಡಿದು ಎಳ್ಕೊಂಡು ಹೋಗಿ ಅಂಗಿ..."

ಬೀಗದವನು ಫೋಟೋ ನೋಡಿದ. ಕೈ ತಾನಾಗಿಯೇ ಮೇಲೆ ಹೋಗಿ, ಕೂದಲಿಲ್ಲದ ತಲೆಯನ್ನು ಒಮ್ಮೆ ಸವರಿತು.

"ಅಯ್ಯೋ, ನಮ್ಮ ಹುಡುಗ," ಎಂದಳು ಸೋದರತ್ತೆ ಮೊದಲ ಸಾಲಿನಲ್ಲಿ. "ಹೊಟ್ಟೆಗೆ ಹಾಕ್ತಿದ್ದೆನಲ್ಲ ನಾನು."

"ಹಾಗಾದ್ರೆ ಗೋಲುಗಳು?" ಎಂದ ಪೋಸ್ಟ್‌ಮ್ಯಾನ್, ಅವುಗಳ ಲೆಕ್ಕ ಬರೆದಿಟ್ಟಿದ್ದ ಪುಸ್ತಕವನ್ನು ಎದೆಗೆ ಅವುಚಿಕೊಂಡು.

ದಫೇದಾರರು ಜೇಬಿನಿಂದ ಫಾರಂ ತೆಗೆದು, ಬೀಗದವನ ಮೂಗನ್ನು ಪೋಸ್ಟರಿನ ಮೂಗಿಗೆ ತಾಳೆ ನೋಡಿ, 'ದೂರದ ಸಂಬಂಧಿ' ಎಂಬುದನ್ನು ಹೊಡೆದುಹಾಕಿ, 'ಸ್ವತಃ' ಎಂದು ಬರೆದು, ಪ್ರಕರಣ ಮುಗಿಸಿದರು. ಊರಿನಲ್ಲಿ ಕಾಣೆಯಾದವನು ತಾನೇ ದೂರು ಕೊಟ್ಟು ತಾನೇ ಸಿಕ್ಕಿದ ಪ್ರಕರಣ ಅದೊಂದೇ.

ಛತ್ರಿಯವನು ಮೆಲ್ಲಗೆ ಎದ್ದ. "ನನಗೂ ಎರಡು ದಿನದಿಂದ ಅನುಮಾನ ಬಂದಿತ್ತು," ಎಂದು ಗಾಂಭೀರ್ಯದಿಂದ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟ. ವೇದಿಕೆ ಇಳಿಯುವವರೆಗೆ ಎಡಗಾಲು ಎಳೆಯುತ್ತಿತ್ತು. ಗೇಟು ದಾಟುವಾಗ ಎರಡೂ ಕಾಲು ಓಡುತ್ತಿದ್ದವು. ಬೀಗದವನ ಒಳ್ಳೆಯ ಅಂಗಿ ಅವನ ಮೈಮೇಲೇ ಹೋಯಿತು.

ಕಾರ್ಯದರ್ಶಿ ಬೆವರು ಒರೆಸಿಕೊಂಡ. ಸನ್ಮಾನದ ಫಲಕದ ಮೇಲೆ ಅಕ್ಷರ ಕೆತ್ತಿಸಿಯಾಗಿದೆ, ಗೇಟಿಗೆ ಬಣ್ಣ ಹೊಡೆಸಿಯಾಗಿದೆ, ಎದುರಿಗೆ ಸಾವಿರ ಜನ. ಅವನು ಬೆಂಚಿನವರ ಮುಖ ನೋಡಿದ. ಡ್ರಿಲ್ ಮೇಷ್ಟ್ರು ಎದ್ದು ನಿಂತರು.

"ನಾನು ಮೊದಲಿಂದ ಹೇಳ್ತಾ ಬಂದಿದ್ದೀನಿ," ಎಂದರು. "ಈ ಬೀಗದವನ ಎಡಗಾಲು ಸಾಮಾನ್ಯದ್ದಲ್ಲ. ನಾನೇ ತಯಾರು ಮಾಡಿದ್ದು."

ಚಪ್ಪಾಳೆ ಶುರುವಾಯಿತು. ಯಾರು ಶುರುಮಾಡಿದರೋ, ನಿಲ್ಲಿಸುವವರು ಇರಲಿಲ್ಲ. ಬೀಗದವನು ಬೇಡ ಬೇಡ ಎನ್ನುತ್ತಲೇ ಇದ್ದ. ಫಲಕ ಕೈಗೆ ಬಂತು. ಮೊದಲ ಸಾಲಿನಲ್ಲಿ ಹೆಂಡತಿ ಮಾತ್ರ ಚಪ್ಪಾಳೆ ತಟ್ಟದೆ ಅವನ ಬಾಯಿಯನ್ನೇ ನೋಡುತ್ತಿದ್ದಳು. 'ಅಂಗಿ' ಎನ್ನುವವರೆಗೆ ಬಂದವನು ಮುಂದಕ್ಕೂ ಬಂದಾನೇ ಎಂದು.

ಮಧ್ಯಾಹ್ನ ಇಬ್ಬರೂ ಮನೆಗೆ ನಡೆದು ಹೊರಟರು. ಸೋದರತ್ತೆಯನ್ನು ಪೋಸ್ಟ್‌ಮ್ಯಾನ್ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋದ. ಬೀಗದವನು ಫಲಕವನ್ನು ಕಂಕುಳಲ್ಲಿಟ್ಟುಕೊಂಡು ಎರಡು ಬೀದಿ ನಡೆದ.

"ಒಂದೊಂದಾಗಿ ನೆನಪಾಗ್ತಿದೆ ಕಣೇ," ಎಂದ ಕೊನೆಗೆ.

"ಏನೇನು?"

"ಸ್ಪ್ರಿಂಗ್ ಹಾಕೋವಾಗ ಹೆಬ್ಬೆರಳು ಕುಯ್ಕೊಂಡಿದ್ದೆ. ಆಮೇಲೆ ಫೋಟೋದವನು ಗಲ್ಲ ಎತ್ತು ಅಂದ. ಎತ್ತಿದೆ."

"ಆಮೇಲೆ?"

"ಆಮೇಲೆ ಹೊರಟೆ. ಗೇಟಿನ ಹತ್ರ ಒಬ್ಬಳು ಹುಡುಗಿ ಅಡ್ಡ ಬಂದಳು."

ಅವಳು ನಡಿಗೆ ನಿಧಾನ ಮಾಡಿದಳು. "ಯಾವ ಹುಡುಗಿ?"

"ಯಾರೋ. ಬಟ್ಟೆ ಬುಟ್ಟಿ ಹೊತ್ಕೊಂಡಿದ್ಲು. ಏನ್ ಬೈದ್ಲು ಅಂತೀಯ. 'ಹನ್ನೆರಡು ಅಂಗಿ ತಂದಿದ್ದೀನಿ, ಹನ್ನೆರಡೂ ತಗೊಂಡು ಹೋಗ್ತೀನಿ, ಜೊತೆಗೆ ನಿಮ್ಮ ಚರ್ಮ ಬಂದರೂ ಸರಿ' ಅಂದ್ಲು. ನಾನು ಬಾಯಿ ತೆಗೀಲಿಲ್ಲ. ಅಂಗಿ ಕೊಟ್ಟು ಬಂದುಬಿಟ್ಟೆ. ಒಂದು ವಾರ ಕಿವೀಲಿ ಅದೇ ಮಾತು."

"ನೋಡೋಕೆ ಹೇಗಿದ್ಲು?"

ಬೀಗದವನು ಯೋಚಿಸಿದ. ಅವಳು ಕಾದಳು. ಒಂದು ಸೈಕಲ್ಲು ಗಂಟೆ ಬಾರಿಸಿಕೊಂಡು ಇಬ್ಬರ ಪಕ್ಕದಲ್ಲೇ ಹಾದುಹೋಯಿತು.

"ಚೆನ್ನಾಗಿದ್ಲು. ನಿಜ ಹೇಳಬೇಕೂಂದ್ರೆ ಬಹಳ ಚೆನ್ನಾಗಿದ್ಲು," ಎಂದ. ಆಮೇಲೆ ತಲೆಯಾಡಿಸಿದ. "ಆದ್ರೆ ಆ ಬಾಯಿ. ಪಾಪ, ಅವಳನ್ನ ಕಟ್ಕೊಂಡವನ ಗತಿ ಏನಾಯ್ತೋ."

"ಏನೂ ಆಗಿಲ್ಲ. ಚೆನ್ನಾಗೇ ಇದ್ದಾನೆ," ಎಂದಳು ಅವಳು. "ಇವತ್ತು ತಾನೇ ಅವನಿಗೆ ಸನ್ಮಾನ ಆಯ್ತು."

"ಹೌದಾ? ಒಳ್ಳೇದಾಯ್ತು," ಎಂದು ಬೀಗದವನು ಮುಂದೆ ನಡೆದ.

ಬ್ರೆಡ್ಡಿನ ಅಂಗಡಿ ದಾಟಿತು. ಔಷಧಿ ಅಂಗಡಿ ದಾಟಿತು. ತಿರುವಿನ ಹತ್ತಿರ ಅವಳು ಒಂದೆರಡು ಹೆಜ್ಜೆ ಮುಂದಾಗಿದ್ದಳು. ಹಿಂದಿನಿಂದ ಬರುತ್ತಿದ್ದ ಚಪ್ಪಲಿಯ ಸದ್ದು ತಟ್ಟನೆ ನಿಂತುಹೋಯಿತು.

ಅವಳು ತಿರುಗಿ ನೋಡಲಿಲ್ಲ. ಮೂವತ್ತೊಂದು ವರ್ಷ ಕಾದವಳಿಗೆ ಇನ್ನು ಅರ್ಧ ಬೀದಿ ಹೆಚ್ಚೇನಲ್ಲ.